ಹಲಾಲ್ ಎಂದು ಕೇಳಿದೆವು, ತಯ್ಯಿಬ್ ಎಂದು ಕೇಳಿದೆವೇ?

ಹೊನ್ನೂರಿನ ನಮ್ಮ ಮನೆಯಲ್ಲಿ ಊಟ ಬಾಗಿಲು ತಟ್ಟಿ ಬಂದದ್ದಿಲ್ಲ. ಕಳೆದ ವರ್ಷ ಬೆಂಗಳೂರಿನ ಮಗನ ಮನೆಯಲ್ಲಿ ಒಂದು ತಿಂಗಳಿದ್ದಾಗ ಮಾತ್ರ, ಇಶಾ ನಮಾಝ್ ಮುಗಿಸಿ ಎದ್ದೊಡನೆ ಕರೆಗಂಟೆ ಬಾರಿಸುವುದು ನಿತ್ಯದ ವಿಷಯವಾಯಿತು. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಅಡುಗೆಗೆ ಸಮಯವಿಲ್ಲ. ಅದನ್ನು ನಾನು ದೂರುವುದಿಲ್ಲ. ಆದರೆ ಮಗನಿಗೆ ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ.

ಒಂದು ರಾತ್ರಿ ಬಿರಿಯಾನಿಯ ಡಬ್ಬಿ ಬಿಚ್ಚುತ್ತಿದ್ದವನನ್ನು ಗದರಿದೆ. "ಅಬ್ಬಾ, ಹಲಾಲ್ ಹೋಟೆಲೇ, ವಿಚಾರಿಸಿದ್ದೇನೆ" ಎಂದ. ನಿಜ, ಅದರಲ್ಲಿ ಅವನು ಕಟ್ಟುನಿಟ್ಟು. ಆದರೆ ಪವಿತ್ರ ಕುರ್‌ಆನ್ ಹಲಾಲ್ ಜೊತೆಗೇ ತಯ್ಯಿಬ್ ಎಂದೂ ಹೇಳಿದೆಯಲ್ಲ. ಶುದ್ಧವೂ ಹಿತಕರವೂ ಆದದ್ದು. ಆ ಎರಡನೆಯ ಪ್ರಶ್ನೆಯನ್ನು ನಾನೂ ಎಂದೂ ಕೇಳಿಕೊಂಡವನಲ್ಲ. ಗದರಿದ್ದಕ್ಕೆ ನಾಚಿಕೆಯಾಯಿತು.

ಮರುದಿನ ಮೊಮ್ಮಗಳು ಮೊಬೈಲ್ ತೋರಿಸಿದಳು. ತೆರೆದೊಡನೆ ಮೇಲೆಯೇ ನಿನ್ನೆಯ ಬಿರಿಯಾನಿ. ಒಂದು ಬಾರಿ ಒತ್ತಿದರೆ ಮತ್ತೆ ಅದೇ ಬರುತ್ತದೆ. ಹಸಿದವನು ಕೆಳಗೆ ಹುಡುಕುತ್ತಾನೆಯೇ? ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ತಿನಿಸಿನ ಕ್ಯಾಲೊರಿ ತಿಳಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ; ಆನ್‌ಲೈನ್ ಮಾರಾಟಕ್ಕೂ ಅದು ಅನ್ವಯಿಸುತ್ತದೆ. ಒಬ್ಬ ವಯಸ್ಕನಿಗೆ ದಿನಕ್ಕೆ ಸುಮಾರು 2000 ಎಂಬುದು ಅಲ್ಲಿನ ಲೆಕ್ಕ. ಆ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಮಗ ನೆಚ್ಚಿದ್ದ ಒಂದು ಊಟವೇ ಅರ್ಧ ದಿನದ ಪಾಲನ್ನು ನುಂಗುತ್ತಿತ್ತು. ಹೊಟ್ಟೆಯ ಮೂರನೆಯ ಒಂದು ಭಾಗ ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ಪ್ರವಾದಿ(ಸ)ರು ಕಲಿಸಿದ್ದು ನೆನಪಾಯಿತು.

ಉಪದೇಶ ಬಿಟ್ಟು ಒಂದು ಒಪ್ಪಂದ ಮಾಡಿಕೊಂಡೆವು. ರಾತ್ರಿಯ ಊಟವನ್ನು ಹಸಿವಿಲ್ಲದ ಹೊತ್ತಿನಲ್ಲಿ, ಅಸರ್ ಬಳಿಕವೇ ಆರಿಸಿಡುವುದು. ಇಬ್ಬರಿಗೆ ಒಂದೇ ಬಿರಿಯಾನಿ. ತಂಪು ಪಾನೀಯವಿಲ್ಲ. ಎಣ್ಣೆ ಕಡಿಮೆ ಇರಲಿ ಎಂದು ಸೂಚನೆಯಲ್ಲಿ ಬರೆಯುವುದು. ಕೆಲವರು ಪಾಲಿಸಿದರು, ಕೆಲವರು ಓದಲೇ ಇಲ್ಲ.

ಹುಡುಕಿದಾಗ ರಾಗಿ ಮುದ್ದೆ, ಹುರುಳಿ ಸಾರು ಕೊಡುವ ಮೆಸ್ ಒಂದೂ ಸಿಕ್ಕಿತು! ಸಾರು ಊರಿನದೇ ರುಚಿ. ಮುದ್ದೆ ಮಾತ್ರ ದಾರಿಯಲ್ಲಿ ಆರಿ ಕಲ್ಲಾಗಿತ್ತು. ಸೊಸೆ ನಕ್ಕಳು: "ಮಾಮಾ, ಸಾರು ಮಾತ್ರ ತರಿಸೋಣ, ಮುದ್ದೆ ನಾನೇ ತಿರುವುತ್ತೇನೆ." ಅಂದಿನಿಂದ ವಾರಕ್ಕೆರಡು ದಿನ ಹಾಗೆಯೇ.

ಈಗ ನಾನು ಊರಿನಲ್ಲಿದ್ದೇನೆ. ಸಂಜೆ ಫೋನ್ ಮಾಡಿದಾಗ ಮಗನೇ ಮೊದಲು ಹೇಳುತ್ತಾನೆ, "ಅಬ್ಬಾ, ಇವತ್ತಿನದು ಆಗಲೇ ಆರಿಸಿಟ್ಟಿದ್ದೇನೆ." ಶುಕ್ರವಾರ ಮಾತ್ರ ಏನು ಆರಿಸಿದನೆಂದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.