ಗಣಪತಿಗೆ ನಾಲ್ಕು ಸ್ಪೀಕರ್

23 ಆಗಸ್ಟ್ 2025, ಶನಿವಾರ, ಪುಣೆಯ ಕೋಥ್ರೂಡ್

ಗಣೇಶ ಚತುರ್ಥಿಗೆ ಸೊಸೈಟಿಯ ಮೈಕ್‌ಸೆಟ್ಟಿನ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಆಂಪ್ಲಿಫೈಯರ್ ಒಂದೇ, 100 ವ್ಯಾಟಿನದು. ಸ್ಪೀಕರ್ ನಾಲ್ಕು, ಒಂದೊಂದೂ 8 ಓಮ್. ಸೊಲ್ಲಾಪುರ ಕಡೆಯ ಪಕ್ಕದ ಮನೆ ಹುಡುಗ ಕೇಳಿದ: "ಕಾಕಾ, ನಾಲ್ಕೂ ಒಂದ ವೈರಿಗೆ ಜೋಡಿಸಿಬಿಟ್ರ ಆತಲ್ಲ?"

ಆಗುವುದಿಲ್ಲ. 8 ಓಮಿನ ನಾಲ್ಕನ್ನು ಪ್ಯಾರಲಲ್ ಜೋಡಿಸಿದರೆ ಉಳಿಯುವುದು 2 ಓಮ್. ನಮ್ಮದು 4ಕ್ಕಿಂತ ಕೆಳಗೆ ತಾಳುವ ಯಂತ್ರವಲ್ಲ. ಕರೆಂಟ್ ವಿಪರೀತ ಎಳೆದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ಎರಡೆರಡನ್ನು ಸೀರೀಸ್ ಮಾಡಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 8 ಓಮ್. ಲೆಕ್ಕಕ್ಕೆ ಸರಿ. ಆದರೆ ಒಂದರ ವೈರ್ ಬಿಚ್ಚಿದರೆ ಅದರ ಜೊತೆಗಾರನೂ ಮೂಕ. ಮೇಲಾಗಿ, ಹಿಂದಿನ ತೋಟದವರೆಗೆ ವೈರ್ 100 ಮೀಟರ್ ಹೋಗಬೇಕು. 1.5 ಚದರ ಮಿ.ಮೀ. ತಾಮ್ರದ ವೈರ್ ಹೋಗಿ ಬರುವಷ್ಟರಲ್ಲಿ ತಾನೇ ಸುಮಾರು 2.4 ಓಮ್ ಆಗುತ್ತದೆ. ಶಕ್ತಿಯಲ್ಲಿ ಒಂದು ಪಾಲು ವೈರನ್ನು ಬಿಸಿ ಮಾಡುವುದಕ್ಕೇ ಖರ್ಚು.

24 ಆಗಸ್ಟ್, ಭಾನುವಾರ

ಆಂಪ್ಲಿಫೈಯರಿನ ಬೆನ್ನಿಗೆ 100 ವೋಲ್ಟಿನ ಟರ್ಮಿನಲ್ ಇದೆ. ಯಾರೂ ಅದನ್ನು ಮುಟ್ಟಿದಂತಿಲ್ಲ. ರೈಲ್ವೆ ಸ್ಟೇಷನ್ನಿನ ಸಾಲು ಸ್ಪೀಕರುಗಳು ಮಾತಾಡುವುದು ಇಂಥ ಲೈನಿನಲ್ಲೇ. ನಿನ್ನೆ ಸಂಜೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯ ದೀಪದ ಸರಗಳ ಜಂಗುಳಿಯಲ್ಲಿ ನುಗ್ಗಿ, ಸ್ಪೀಕರಿಗೊಂದರಂತೆ ಲೈನ್ ಟ್ರಾನ್ಸ್‌ಫಾರ್ಮರ್ ತಂದೆ. 60 ವ್ಯಾಟ್ ಕಳಿಸಲು 4 ಓಮಿನಲ್ಲಿ ಸುಮಾರು 4 ಆಂಪಿಯರ್ ಹರಿಯಬೇಕು. ಈ ಲೈನಿನಲ್ಲಿ 0.6 ಸಾಕು. ಓಮ್ ಮರೆತು ವ್ಯಾಟ್ ಕೂಡಿಸುತ್ತ ಹೋದರಾಯಿತು: ಮಂಟಪದ ಎರಡಕ್ಕೆ ತಲಾ 20, ಗೇಟಿಗೆ 10, ತೋಟಕ್ಕೆ 10.

ಹುಡುಗನಿಗೆ ಎರಡು ಮಾತು ಒತ್ತಿ ಹೇಳಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಸ್ಪೀಕರನ್ನು ಈ ಲೈನಿಗೆ ಕಟ್ಟಬಾರದು. 100 ವೋಲ್ಟ್ ನೇರವಾಗಿ 8 ಓಮಿಗೆ ಬಿದ್ದರೆ ಲೆಕ್ಕದಲ್ಲಿ 1250 ವ್ಯಾಟ್! ಆಂಪ್ಲಿಫೈಯರ್ ಆರಿಸದೆ ವೈರ್ ಮುಟ್ಟಬಾರದು, ಶಾಕ್ ಹೊಡೆಯುತ್ತದೆ.

ಭೀಮಸೇನ ಜೋಶಿಯವರ ಅಭಂಗ ಹಾಕಿ ನೋಡಿದೆವು. ಮಂಟಪದ ನಡುವೆ ನಿಂತರೆ ಮಂದ್ರವೇ ಮಾಯ. ಒಂದು ಸ್ಪೀಕರಿನ ಪ್ಲಸ್–ಮೈನಸ್ ಅದಲುಬದಲಾಗಿತ್ತು. ತಿರುಗಿಸಿದ ಮೇಲೆ ಗದುಗಿನ ಕಂಠ ತುಂಬಿಕೊಂಡು ಬಂತು.

27 ಆಗಸ್ಟ್, ಬುಧವಾರ, ಚೌತಿ

ಆರತಿ ಗೇಟಿನವರೆಗೂ ಸ್ಪಷ್ಟವಾಗಿ ಕೇಳಿಸಿತು, ಯಾರ ಕಿವಿಯೂ ಹರಿಯಲಿಲ್ಲ. ಊರಿನ ದೊಡ್ಡ ಮಂಡಳಿಗಳು ಒಂದೇ ಕಡೆ ಸ್ಪೀಕರಿನ ಗೋಡೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮುಂದಿನವನಿಗೆ ಕಿವುಡು, ಹಿಂದಿನವನಿಗೆ ಗದ್ದಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಹತ್ತಕ್ಕೆ ಮೊದಲೇ ಆರಿಸಿದೆವು.

ತುಳಸಿಕಟ್ಟೆಯ ಹತ್ತಿರವೂ ಒಂದು ಬೇಕಂತೆ. ಈಗ ಹೊರೆ 60 ವ್ಯಾಟ್, 80 ದಾಟಿಸುವುದಿಲ್ಲ. 10ರವು ಎರಡಕ್ಕೆ ಇನ್ನೂ ಜಾಗವಿದೆ.