ಪರನಾಡಿನ ತರಗತಿಯಲ್ಲಿ ಸರಳೆ ವರಸೆ

ಗಡಿನಾಡಿನಲ್ಲಿ ಹುಟ್ಟಿದ ನಮಗೆ ಎರಡು ನುಡಿಗಳ ನಡುವೆ ಬಾಳುವುದು ಹೊಸತಲ್ಲ. ಪೇಟೆಯಲ್ಲಿ ಒಂದು, ಮನೆಯ ಜಗಲಿಯಲ್ಲಿ ಇನ್ನೊಂದು. ಕಾಸರಗೋಡಿನ ಮಕ್ಕಳು ಇದನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ಆದರೆ ಊರಿನಲ್ಲಿ ಮನೆಯ ನುಡಿ ನೆರೆಮನೆಯಲ್ಲಿಯೂ ಕೇಳಿಸುತ್ತದೆ. ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ ಮೇಲೆ ಅದು ನಮ್ಮ ನಾಲ್ಕು ಗೋಡೆಗಳೊಳಗೇ ಉಳಿಯಿತು. ಆರು ವರ್ಷದ ಮಗಳನ್ನು ಗೆಳತಿಯರೆದುರು ಕನ್ನಡದಲ್ಲಿ ಮಾತನಾಡಿಸಿದರೆ ಅವಳು ತಲೆ ತಗ್ಗಿಸತೊಡಗಿದಳು.

ಅವಳ ಶಿಕ್ಷಕಿಯು ತಂದೆತಾಯಿಯರನ್ನು ಕರೆದು, ತಮ್ಮ ತಮ್ಮ ನಾಡಿನ ಸಂಗೀತವನ್ನು ಮಕ್ಕಳಿಗೆ ಪರಿಚಯಿಸಬೇಕೆಂದು ಕೇಳಿಕೊಂಡಾಗ ನಾನು ಒಪ್ಪಿದೆ. ಕೃತಿ ಕೀರ್ತನೆಗಳ ಗೊಡವೆಗೆ ಹೋಗಲಿಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ದಾರಿಯನ್ನೇ ಹಿಡಿದೆ: ಮಾಯಾಮಾಳವಗೌಳದ ಸರಳೆ ವರಸೆ. ಎಳೆಯರಿಗೆ ಈ ರಾಗವನ್ನು ಆರಿಸಿದ್ದರಲ್ಲಿ ಜಾಣ್ಮೆಯಿದೆ. ಸ-ರಿ, ಗ-ಮ, ಪ-ದ, ನಿ-ಸ ಎಂಬ ನಾಲ್ಕು ಜೋಡಿಗಳಲ್ಲಿಯೂ ಸ್ವರಗಳು ಒತ್ತೊತ್ತಾಗಿ ನಿಂತಿವೆ. ಪೂರ್ವಾರ್ಧ ಒಲಿದವರಿಗೆ ಉತ್ತರಾರ್ಧವು ಅದೇ ಅಚ್ಚಿನಲ್ಲಿ ದೊರೆಯುತ್ತದೆ.

ಸ್ವರಗಳಿಗೆ ಹೆಸರಿರುವುದು ಆ ಮಕ್ಕಳಿಗೆ ಹೊಸತಲ್ಲ. ಅವರಲ್ಲಿ ಡೋ, ರೇ, ಮೀ ಉಂಟು. 19ನೆಯ ಶತಮಾನದಲ್ಲಿ ನಾರ್ವಿಚ್ಚಿನ ಸಾರಾ ಗ್ಲೋವರ್ ಎಂಬ ಮಹಿಳೆ ಮಕ್ಕಳಿಗಾಗಿ ರೂಪಿಸಿದ ಪದ್ಧತಿಯನ್ನು ಜಾನ್ ಕರ್ವೆನ್ ಬೆಳೆಸಿ, ಒಂದೊಂದು ಸ್ವರಕ್ಕೂ ಒಂದೊಂದು ಕೈಸನ್ನೆಯನ್ನು ಕೊಟ್ಟರು. ತೊಡಕಾದದ್ದು ನಮ್ಮ ಶುದ್ಧ ರಿಷಭ. ಅವರಿಗೆ ರೂಢಿಯಾದ ಎರಡನೆಯ ಸ್ವರವು ನಮ್ಮ ಶಂಕರಾಭರಣದಲ್ಲಿರುವಂತೆ ತುಸು ಮೇಲಿನದು. ಕಂಠಗಳೆಲ್ಲ ಮತ್ತೆ ಮತ್ತೆ ಅಲ್ಲಿಗೇ ಏರಿದವು.

ಆಗ ಸ್ವರವನ್ನು ಬಿಟ್ಟು ತಾಳಕ್ಕೆ ಬಂದೆ. ಆದಿತಾಳದ ಎಂಟು ಅಕ್ಷರಗಳು: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಬಳಿಕ ಪೆಟ್ಟು, ಹುಸಿ, ಪೆಟ್ಟು, ಹುಸಿ. ಬೆರಳೆಣಿಸುವ ಪ್ರಾಯದವರಿಗೆ ಇದು ಆಟವೇ ಆಯಿತು. ಎರಡನೆಯ ಆವರ್ತದಲ್ಲಿ ಬೆರಳುಗಳು ತಡವರಿಸಿದಾಗ ಹಿಂದಿನ ಸಾಲಿನಿಂದ "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿ ಎಣಿಸುವ ದನಿ ಕೇಳಿಸಿತು. ಅದು ನನ್ನ ಮಗಳದು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಕಲಿಸಿದ ಎಣಿಕೆ. ಎಲ್ಲರೂ ಅವಳ ಕೈಯನ್ನೇ ನೋಡಿ ಎಣಿಸಿದರು. "ಎಂಟು" ಎಂಬಲ್ಲಿ ಅವರ ನಾಲಿಗೆ ಹೊರಳಲಿಲ್ಲ. ಅವಳೇ ಮೂರು ಸಲ ತಿದ್ದಿದಳು.

ಮರುವಾರ ಮುತ್ತುಸ್ವಾಮಿ ದೀಕ್ಷಿತರ (1775-1835) ಒಂದು ನೋಟ್ಟುಸ್ವರವನ್ನು ಹಾಡಿದೆ. ಅದರ ಮಾತು ಸಂಸ್ಕೃತ, ಮಟ್ಟು ಆಂಗ್ಲರ ರಾಷ್ಟ್ರಗೀತೆಯದು. "ಇದು ನಮ್ಮದು!" ಎಂದು ಮಕ್ಕಳು ಕೂಗಿದರು. "ನಮ್ಮದೂ ಹೌದು" ಎಂದಳು ಮಗಳು.

ಇಷ್ಟರಿಂದ ಕನ್ನಡ ಉಳಿದೀತೆಂದು ನಾನು ಹೇಳಲಾರೆ. ಈಗಲೂ ಅವಳ ಮಾತಿನಲ್ಲಿ ಇಂಗ್ಲಿಷೇ ಹೆಚ್ಚು. ಆದರೆ ಮನೆಯೊಳಗೆ ಬಚ್ಚಿಟ್ಟ ನುಡಿಯನ್ನು ಮಗುವು ಹೊರೆಯೆಂದು ತಿಳಿಯುತ್ತದೆ. ನಾಲ್ಕು ಜನ ಕೇಳಿ ಬಯಸಿದ ನುಡಿಯನ್ನು ಒಡವೆಯೆಂದು ತಿಳಿಯುತ್ತದೆ. ಗಡಿಯಾಚೆಯ ತಾಯಂದಿರು ಮಕ್ಕಳಿಗೆ ಕಲಿಸುವ ಹಾಡನ್ನು ನೆರೆಯ ಮಕ್ಕಳಿಗೂ ಒಮ್ಮೆ ಕಲಿಸಿ ನೋಡಬೇಕು. ತಾಳ ಹಾಕಲು ಯಾವ ಭಾಷೆಯ ಅಂಗೈಯಾದರೂ ಸಾಕು.