ದಡದಲ್ಲಿ ನಿಂತು ನಡೆಸಿದ ಹಾಯಿದೋಣಿ

ಕೊಳ್ಳೇಗಾಲದ ಸೀಮೆಯಲ್ಲಿ ನೀರು ಅನ್ನವೂ ಹೌದು, ಭಯವೂ ಹೌದು. ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಯಳಂದೂರನ್ನು ಹಾದು ಬರುವ ಸುವರ್ಣಾವತಿಯೂ ಅದೇ ಕಾವೇರಿಯನ್ನು ಸೇರುತ್ತದೆ. ಹನೂರಿನ ಕಡೆಯ ಒಣ ಹೊಲಗಳಲ್ಲಿ ರೈತರು ಮಳೆಗಾಗಿ ಆಕಾಶವನ್ನು ನೋಡುತ್ತಾರೆ. ಇದೇ ಕಾವೇರಿ ನಮ್ಮ ಮನೆಯ ಒಬ್ಬನನ್ನು ಕರೆದೊಯ್ದಿದೆ. ನನ್ನ ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಂದಿಗೆ ಈಜಲು ಹೋದವನು ಮರಳಿ ಬರಲಿಲ್ಲ. ಅಲ್ಲಾಹನು ಅವನಿಗೆ ಕರುಣೆ ತೋರಲಿ. ಅಂದಿನಿಂದ ನನ್ನ ತಂಗಿ ತನ್ನ ಮಗನನ್ನು ಕೆರೆಯ ಏರಿಯ ಮೇಲೂ ನಡೆಯಲು ಬಿಟ್ಟವಳಲ್ಲ.

ಆ ಹುಡುಗನಿಗೆ ಈಗ ಹದಿನಾಲ್ಕು ವರ್ಷ. ನಿಷೇಧ ಹೆಚ್ಚಿದಂತೆ ಅವನ ಕುತೂಹಲವೂ ಬೆಳೆಯಿತು. ಒಂದು ದಿನ ನನ್ನ ಬಳಿಗೆ ಬಂದು, “ಮಾಮೂ, ರೇಡಿಯೋದಿಂದ ನಡೆಯುವ ಹಾಯಿದೋಣಿ ಮಾಡೋಣವೇ? ಇದಕ್ಕೆ ನೀರಿಗೆ ಇಳಿಯಬೇಕಿಲ್ಲ, ದಡದಲ್ಲೇ ನಿಲ್ಲಬಹುದು” ಎಂದನು. ತಂಗಿ ಬಹಳ ಹೊತ್ತು ಮೌನವಾಗಿದ್ದು, “ಭಾಯಿಜಾನ್, ನೀವು ಜೊತೆಯಲ್ಲಿರುವುದಾದರೆ ಮಾತ್ರ” ಎಂದಳು.

ಜಗತ್ತಿನಲ್ಲಿ ಈ ಆಟಕ್ಕೂ ಶಿಸ್ತಿನ ನಿಯಮಗಳಿವೆ. ‘ಇಂಟರ್‌ನ್ಯಾಷನಲ್ ಒನ್ ಮೀಟರ್’ ಎಂಬ ವರ್ಗದ ದೋಣಿ 1 ಮೀಟರಿಗಿಂತ ಉದ್ದವಿರಬಾರದು, 4 ಕಿಲೋಗಿಂತ ಹಗುರವಿರಬಾರದು. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ಅಂದರೆ 2 ಕಿಲೋಗೂ ಮೀರಿದ ಭಾರ, ನೀರಿನೊಳಗೆ ಇಳಿಬಿಟ್ಟ ರೆಕ್ಕೆಯಲ್ಲಿಯೂ ಅದರ ತುದಿಯ ಸೀಸದ ಗುಂಡಿನಲ್ಲಿಯೂ ಇರುತ್ತದೆ. ಕಣ್ಣಿಗೆ ಕಾಣುವುದು ಹಾಯಿ. ದೋಣಿ ಮಗುಚದಂತೆ ಹಿಡಿದಿಡುವುದು ಕಾಣದ ಆ ಭಾರ. ನಮ್ಮದು ಚಿಕ್ಕದು, 65 ಸೆಂಟಿಮೀಟರ್ ಉದ್ದ. ಥರ್ಮಕೋಲನ್ನು ಕೊರೆದು ಅದರ ಮೇಲೆ ಫೈಬರ್ ಬಟ್ಟೆ ಹೊದಿಸಿ ಅಂಟು ಬಳಿದೆವು. ಒಳಗೆ ಎರಡೇ ಸರ್ವೊ ಮೋಟರುಗಳು: ಒಂದು ಚುಕ್ಕಾಣಿಯನ್ನು ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹಗ್ಗವನ್ನು ಎಳೆಯುತ್ತದೆ ಅಥವಾ ಸಡಿಲಿಸುತ್ತದೆ.

ಹಗ್ಗಕ್ಕೆ ಕೊಳ್ಳೇಗಾಲದ ರೇಷ್ಮೆಯೇ ಇರಲೆಂದು ಹುಡುಗನ ಆಸೆ. ರೇಷ್ಮೆ ನೆನೆದರೆ ಹಿಗ್ಗುತ್ತದೆ, ಬಲವೂ ತಗ್ಗುತ್ತದೆ. ಆದ್ದರಿಂದ ಮೀನು ಹಿಡಿಯುವ ಹೆಣೆದ ದಾರವನ್ನು ಬಳಸಿದೆವು. ಆದರೂ ರೇಷ್ಮೆಗೆ ಒಂದು ಕೆಲಸ ದೊರೆಯಿತು. ಹಾಯಿಯ ಎರಡೂ ಬದಿಗಳಲ್ಲಿ ಬೆರಳುದ್ದದ ರೇಷ್ಮೆಯ ಎಳೆಗಳನ್ನು ಅಂಟಿಸಿದೆವು. ಹಾಯಿಯನ್ನು ಅತಿಯಾಗಿ ಬಿಗಿದರೆ ಗಾಳಿಗೆ ಮರೆಯಾದ ಬದಿಯ ಎಳೆ ಕಂಗೆಟ್ಟು ಒದ್ದಾಡುತ್ತದೆ. ತುಸು ಸಡಿಲಿಸಿದರೆ ಎರಡೂ ಎಳೆಗಳು ನೇರವಾಗಿ ಹಿಂದಕ್ಕೆ ಚಾಚುತ್ತವೆ. ದೋಣಿಯನ್ನು ಹದಗೊಳಿಸುವ ವಿದ್ಯೆಯ ಬಹುಪಾಲು ಇಷ್ಟೇ.

ಗುಂಡಾಲ್ ಜಲಾಶಯದ ಅಂಚಿನಲ್ಲಿ ಮೊದಲ ಬಾರಿ ಬಿಟ್ಟಾಗ ಚುಕ್ಕಾಣಿ ನೇರವಿದ್ದರೂ ದೋಣಿ ಗಾಳಿಯ ಕಡೆಗೆ ಮೂತಿ ತಿರುಗಿಸಿ ನಿಂತುಬಿಡುತ್ತಿತ್ತು. ಹಾಯಿಯ ಒತ್ತಡ ಕೆಳಗಿನ ರೆಕ್ಕೆಗಿಂತ ಹೆಚ್ಚು ಹಿಂದೆ ಬಿದ್ದಾಗ ಹೀಗಾಗುತ್ತದೆ. ಹಾಯಿಕಂಬವನ್ನು ಒಂದು ಸೆಂಟಿಮೀಟರಿನಷ್ಟು ಮುಂದಕ್ಕೆ ಸರಿಸಿದೆವು, ದೋಣಿ ಹಾದಿ ಹಿಡಿಯಿತು. ಎದುರು ಗಾಳಿಗೆ ಯಾವ ಹಾಯಿದೋಣಿಯೂ ನೇರವಾಗಿ ಸಾಗಲಾರದು. ಸುಮಾರು 45 ಡಿಗ್ರಿಯ ಓರೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಗುರಿ ಮುಟ್ಟಬೇಕು.

ಮೂರನೆಯ ಬಾರಿ ತಂಗಿಯೂ ಬಂದಿದ್ದಳು. ದೋಣಿ ದಡದಿಂದ ಬಹುದೂರವಿದ್ದಾಗ ಗಾಳಿ ಪೂರ್ತಿ ನಿಂತುಹೋಯಿತು. ರಿಮೋಟಿನ ಯಾವ ಗುಂಡಿಯೂ ನೆರವಾಗಲಿಲ್ಲ. ತಂಗಿ ಮಗನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಳು. ತಿಂಗಳುಗಟ್ಟಲೆ ದುಡಿದು ಕಟ್ಟಿದ ವಸ್ತು ಕಣ್ಣೆದುರಿಗೇ ತೇಲುತ್ತಿತ್ತು. ಆ ವಯಸ್ಸಿನ ಹುಡುಗ ನೀರಿಗೆ ಧುಮುಕಲು ಅಷ್ಟು ಸಾಕು. ಅವನು ಕದಲಲಿಲ್ಲ. “ಗಾಳಿ ಬರುತ್ತದೆ ಅಮ್ಮೀ, ಕಾಯೋಣ. ಬಾರದಿದ್ದರೆ ದೋಣಿ ಹೋಗಲಿ” ಎಂದನು. ನಾವು ಅಲ್ಲಿಯೇ ಅಸರ್ ನಮಾಝ್ ಮಾಡಿದೆವು. ಆಮೇಲೆ ನೀರಿನ ಮೇಲೆ ಸಣ್ಣ ಅಲೆ ಮೂಡಿತು, ರೇಷ್ಮೆಯ ಎಳೆ ಎದ್ದಿತು, ದೋಣಿ ಓರೆಯಾಗಿ ತಿರುಗುತ್ತಾ ಮರಳಿತು.

‘ಮಾನ್ಸೂನ್’ ಎಂಬ ಪದ ಹುಟ್ಟಿದ್ದು ಋತು ಎಂಬರ್ಥದ ‘ಮೌಸಿಮ್’ ಎಂಬ ಅರಬಿ ಪದದಿಂದ. ನಮ್ಮ ಕರಾವಳಿಗೆ ಬರುತ್ತಿದ್ದ ಅರಬ್ ನಾವಿಕರು ಹಾಯಿ, ಚುಕ್ಕಾಣಿಗಳನ್ನು ಸಿದ್ಧಗೊಳಿಸಿ ಗಾಳಿಯ ಕಾಲಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ನಮಗೆ ಕೊಟ್ಟ ಎರಡು ಹಗ್ಗಗಳನ್ನು ಸರಿಯಾಗಿ ಹಿಡಿದು, ಗಾಳಿಯನ್ನು ಅದರ ಒಡೆಯನಿಗೆ ಬಿಡುವುದು.

ನೀರಿನ ಭಯವನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗುವ ಮನೆಗಳು ನಮ್ಮಲ್ಲಿ ಅನೇಕ. ಆದರೆ ಭಯವು ಹುಡುಗನನ್ನು ತಾಯಿಯ ಕಣ್ಣೆದುರಿನಲ್ಲಿ ಮಾತ್ರ ಕಾಯುತ್ತದೆ. ಅರಿವು ಅವಳಿಲ್ಲದಲ್ಲಿಯೂ ಕಾಯುತ್ತದೆ. ಮರುವಾರ ತಂಗಿ ನನ್ನನ್ನು ಕೇಳಿದಳು: “ಭಾಯಿಜಾನ್, ಮೈಸೂರಿನಲ್ಲಿ ಮಕ್ಕಳಿಗೆ ಕ್ರಮವಾಗಿ ಈಜು ಕಲಿಸುವವರು ಇದ್ದಾರೆಯೇ?”